ಅಧಿಕ ವೇಗದ ಟರ್ಬೋ ಎಂಜಿನ್ನಿಗೆ ಇನ್‌ಟೇಕ್ ಮ್ಯಾನಿಫೋಲ್ಡ್: ಆಯ್ಕೆಯಲ್ಲಿ ಗಮನಿಸಬೇಕಾದುದು

ಸ್ಪರ್ಧಾ ವಾಹನಗಳ ಬಿಡಿಭಾಗಗಳಲ್ಲಿ ವ್ಯವಹರಿಸುವ ವರ್ತಕರೂ, ಅವನ್ನು ತಯಾರಿಸಿಕೊಡುವ ಸಣ್ಣ ಘಟಕಗಳೂ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಆರ್ಡರ್ ಬಂದೊಡನೆ ಕೇಳುವುದು ಎಂಜಿನ್ ಯಾವುದೆಂದು. ಆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುಗಳಲ್ಲಿ ಹೆಚ್ಚು ಕಾಲ ದುಡಿಯುತ್ತದೆ ಎಂಬುದನ್ನೂ ಕೇಳಬೇಕು. ಕೇಳದೆ ಒಪ್ಪಿಕೊಂಡ ಮಾಲು ಮರಳಿ ಬರುವ ಸಂಭವವುಂಟು.

ಪಿಸ್ಟನ್ ಕೆಳಗಿಳಿದಾಗ ಹುಟ್ಟುವ ಕಡಿಮೆ ಒತ್ತಡದ ಅಲೆಯು ರನ್ನರ್ ಎಂಬ ನಳಿಕೆಯಲ್ಲಿ ಹಿಂದಕ್ಕೆ ಸಾಗಿ, ಪ್ಲೀನಂ ಎಂಬ ಗಾಳಿಪೆಟ್ಟಿಗೆಯನ್ನು ಮುಟ್ಟಿ, ಅಧಿಕ ಒತ್ತಡದ ಅಲೆಯಾಗಿ ಮರಳುತ್ತದೆ. ವಾಲ್ವ್ ಮುಚ್ಚುವ ಮುನ್ನ ಅದು ತಲುಪಿದರೆ ಸಿಲಿಂಡರಿಗೆ ಹೆಚ್ಚುವರಿ ಗಾಳಿ ದೊರೆಯುತ್ತದೆ. 8000 ಸುತ್ತುಗಳ ವೇಗದಲ್ಲಿ ಒಂದು ಸುತ್ತಿಗೆ 7.5 ಮಿಲಿಸೆಕೆಂಡು, ವಾಲ್ವ್ 240 ಡಿಗ್ರಿಗಳಷ್ಟು ತೆರೆದಿದ್ದರೆ ಸಿಗುವ ಕಾಲ 5 ಮಿಲಿಸೆಕೆಂಡು ಮಾತ್ರ. 4000 ಸುತ್ತುಗಳಲ್ಲಿ ಅದರ ಇಮ್ಮಡಿ. ಆದುದರಿಂದಲೇ ವೇಗ ಹೆಚ್ಚಿದಂತೆ ನಳಿಕೆ ಗಿಡ್ಡವಾಗಬೇಕು. ಟರ್ಬೋ ಇದ್ದಮೇಲೆ ನಳಿಕೆಯ ಉದ್ದ ಲೆಕ್ಕಕ್ಕಿಲ್ಲವೆಂಬ ಮಾತು ಪ್ರಚಾರದಲ್ಲಿದೆ, ಅದು ಸರಿಯಲ್ಲ. ಅಲೆಯ ವೇಗವು ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ, ಒತ್ತಡವನ್ನಲ್ಲ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 360 ಮೀಟರ್.

ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಕಾರಿನ ಮೊದಲ ಒಂಬತ್ತು ಆವೃತ್ತಿಗಳಲ್ಲಿದ್ದ 4ಜಿ63 ಎಂಜಿನ್ನನ್ನೇ ನೋಡಿ. ಇದರ ಗಾತ್ರ 1997 ಸಿಸಿ, ಸ್ಟ್ರೋಕ್ 88 ಮಿ.ಮೀ. 9000 ಸುತ್ತುಗಳಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 26.4 ಮೀಟರ್ ಆಗುತ್ತದೆ. ಅಷ್ಟನ್ನು ತಾಳಲು ಕನೆಕ್ಟಿಂಗ್ ರಾಡ್, ವಾಲ್ವ್ ಸ್ಪ್ರಿಂಗುಗಳನ್ನೆಲ್ಲ ಬಲಪಡಿಸಬೇಕು. ಅದನ್ನು ಮಾಡಿಸದೆ, 3000ದಿಂದ 6000 ಸುತ್ತುಗಳಲ್ಲಿ ಓಡಿಸುವ ಗ್ರಾಹಕನು ಗಿಡ್ಡ ನಳಿಕೆಯ, ಥಳಥಳಿಸುವ ಮ್ಯಾನಿಫೋಲ್ಡನ್ನು ಕೊಂಡರೆ ಹಣ ತೆತ್ತು ಎಳೆತವನ್ನು ಕಳೆದುಕೊಂಡಂತೆ. ಅವನಿಗೆ ಮೂಲ ಮ್ಯಾನಿಫೋಲ್ಡೇ ಸಾಕೆಂದು ಹೇಳುವುದು ವರ್ತಕನಿಗೆ ಅಂದಿನ ಮಟ್ಟಿಗೆ ನಷ್ಟವೇ ಸರಿ, ಆದರೂ ಹೇಳತಕ್ಕದ್ದು.

ಉದ್ದಕ್ಕಿಂತಲೂ ಅಪಾಯಕಾರಿಯಾದುದು ಅಸಮ ಹಂಚಿಕೆ. ಒಂದು ತುದಿಯಿಂದ ರಭಸವಾಗಿ ನುಗ್ಗುವ ಗಾಳಿ ಹಲವು ವಿನ್ಯಾಸಗಳಲ್ಲಿ ಕೊನೆಯ ಸಿಲಿಂಡರಿಗೇ ಹೆಚ್ಚಾಗಿ ಸೇರುತ್ತದೆ. ಇಂಜೆಕ್ಟರುಗಳು ನಾಲ್ಕಕ್ಕೂ ಸಮನಾಗಿ ಇಂಧನ ನೀಡುತ್ತಿರುವಾಗ ಅಲ್ಲಿ ಮಿಶ್ರಣ ತೆಳುವಾಗಿ, ಟರ್ಬೋ ಒತ್ತಡದಲ್ಲಿ ನಾಕಿಂಗ್ ಉಂಟಾಗಿ, ಪಿಸ್ಟನ್ ಕರಗುವುದೂ ಉಂಟು. ತುದಿಯತ್ತ ಕಿರಿದಾಗುತ್ತ ಹೋಗುವ ಪ್ಲೀನಂ ಮತ್ತು ಗಂಟೆಯಾಕಾರದ ನಳಿಕೆಬಾಯಿಗಳಿಂದ ಇದನ್ನು ಬಹುಮಟ್ಟಿಗೆ ತಗ್ಗಿಸಬಹುದು.

ತಯಾರಕರು ಅಲ್ಯೂಮಿನಿಯಂ ಬೆಸುಗೆ ಮುಗಿದು ತಣಿದ ಮೇಲೆಯೇ ಫ್ಲೇಂಜಿನ ಮುಖವನ್ನು ಮಿಲ್ಲಿಂಗ್ ಮಾಡಬೇಕು. ಮೊದಲೇ ಮಾಡಿದರೆ ಬೆಸುಗೆಯ ಶಾಖಕ್ಕೆ ಅದು ಬಾಗಿ ಗ್ಯಾಸ್ಕೆಟ್ ಸೋರುತ್ತದೆ. ಬಿಡಿ ಆರ್ಡರುಗಳಿಗೆ ತಗಡಿನ ಕೆಲಸವೇ ಅಗ್ಗ. ಒಂದೇ ಮಾದರಿಗೆ ಮತ್ತೆ ಮತ್ತೆ ಬೇಡಿಕೆ ಬಂದರೆ ಮಾತ್ರ ಪ್ಯಾಟರ್ನ್ ಮಾಡಿಸಿ ಎರಕ ಹೊಯ್ಯುವ ಖರ್ಚು ಗಿಟ್ಟುತ್ತದೆ. ಬಲಪರೀಕ್ಷೆಗೆ ಗಾಳಿಯ ಬದಲು ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಡುವುದು ಸುರಕ್ಷಿತ. ಪ್ಯಾಕಿಂಗಿಗೆ ಮುನ್ನ ಒಳಗಿನ ಲೋಹದ ಪುಡಿ, ಎರಕದ ಮರಳುಗಳನ್ನು ಪೂರ್ಣವಾಗಿ ತೊಳೆದು ತೆಗೆಯಬೇಕು. ಏರ್ ಫಿಲ್ಟರ್ ಇರುವುದು ಇದಕ್ಕೂ ಹಿಂದೆ. ಇಲ್ಲಿ ಉಳಿದ ಒಂದು ಕಣವೂ ನೇರವಾಗಿ ಸಿಲಿಂಡರಿಗೇ ಹೋಗುತ್ತದೆ.