ಮುದಿ ಬೆಕ್ಕು ಮಂಚ ಹತ್ತದಿದ್ದರೆ

‘ವಯಸ್ಸಾಯ್ತಲ್ಲ ಡಾಕ್ಟ್ರೇ, ಮೊದಲಿನ ಹಾಗೆ ಮಂಚ ಹತ್ತೋದಿಲ್ಲ.’ ಹನ್ನೆರಡು, ಹದಿಮೂರು ವರ್ಷದ ಬೆಕ್ಕನ್ನು ತಂದವರು ಹೆಚ್ಚಾಗಿ ಹೇಳುವ ಮಾತಿದು. ನಾನು ಮೊದಲು ಅದರ ಹಿಂಗಾಲಿನ ಉಗುರು ನೋಡುತ್ತೇನೆ. ಓಡಾಟ ಕಡಿಮೆಯಾದ ಮುದಿ ಬೆಕ್ಕಿನ ಉಗುರು ದಪ್ಪಗೆ, ಉದ್ದಕ್ಕೆ ಬೆಳೆದಿರುತ್ತದೆ. ಅದರ ತುದಿ ನೆಲಕ್ಕೆ ಉಜ್ಜಿ ಸವೆದಿದ್ದರೆ ಬೆಕ್ಕು ಕಾಲೆಳೆಯುತ್ತಿದೆ ಎಂದೇ ಲೆಕ್ಕ.

ಆಮೇಲೆ ಪಾದವನ್ನು ಮಗುಚಿ ಇಡುತ್ತೇನೆ. ಕೀಲುನೋವಿನ ಬೆಕ್ಕು ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಬೆನ್ನುಹುರಿ ಒತ್ತಿಹೋಗಿದ್ದರೆ ಹಾಗೇ ನಿಂತುಬಿಡುತ್ತದೆ. ಪಾದ ಎಲ್ಲಿದೆಯೆಂಬ ಸುದ್ದಿ ಮೆದುಳಿಗೆ ಮುಟ್ಟಿರುವುದಿಲ್ಲ.

ಇದ್ದಕ್ಕಿದ್ದಂತೆ ಹಿಂಗಾಲು ಬಿದ್ದು, ಬೆಕ್ಕು ನೋವಿಗೆ ಚೀರುತ್ತಾ, ಪಾದ ತಣ್ಣಗಾಗಿ, ತೊಡೆಯ ನಾಡಿ ಸಿಗದಿದ್ದರೆ ಕಥೆ ಬೇರೆ. ಹೃದಯದಿಂದ ಬಂದ ಹೆಪ್ಪುಗಟ್ಟಿದ ರಕ್ತ ಮಹಾಪಧಮನಿಯನ್ನು ಕಟ್ಟಿರುತ್ತದೆ. ಅದಕ್ಕೆ ಬೆನ್ನಿನ ಆಪರೇಷನ್ ಮದ್ದಲ್ಲ.

ಬೆನ್ನುಹುರಿ ಒತ್ತಿಹೋಗಲು ಜಾರಿದ ಡಿಸ್ಕ್ ಕಾರಣವಿರಬಹುದು. ನಾಯಿಗಳಷ್ಟು ಸುಲಭವಾಗಿ ಬೆಕ್ಕುಗಳ ಡಿಸ್ಕ್ ಜಾರುವುದಿಲ್ಲ; ಜಾರುವುದೂ ಉಂಟು. ವಯಸ್ಸಾದ ಬೆಕ್ಕಿನಲ್ಲಿ ಗಡ್ಡೆಯ ಅನುಮಾನವೂ ಜೊತೆಗಿರಬೇಕು. ಲಿಂಫೋಮಾ ಆಗಿದ್ದರೆ ಕೀಮೋಥೆರಪಿಯೇ ಮುಖ್ಯ. ಮೆನಿಂಜಿಯೋಮಾ ಹುರಿಯ ಹೊದಿಕೆಯಲ್ಲಿ ಹುಟ್ಟಿ, ಸಾಮಾನ್ಯವಾಗಿ ನಿಧಾನಕ್ಕೆ ಬೆಳೆದು, ಹೊರಗಿನಿಂದ ಹುರಿಯನ್ನು ಅದುಮುತ್ತದೆ. ಶಸ್ತ್ರಚಿಕಿತ್ಸೆಗೆ ಒಗ್ಗುವ ಗಡ್ಡೆ ಇದು. ಎಕ್ಸ್‌ರೇಯಲ್ಲಿ ಬೆನ್ನುಹುರಿಯೇ ಕಾಣುವುದಿಲ್ಲ. ಎಂಆರ್‌ಐ ಬೇಕು, ಅದಕ್ಕೆ ಅರಿವಳಿಕೆ ಬೇಕು. ಹಾಗಾಗಿ ಮೊದಲೇ ಮೂತ್ರಪಿಂಡ, ಥೈರಾಯ್ಡ್, ರಕ್ತದೊತ್ತಡ, ಹೃದಯ ಎಲ್ಲವನ್ನೂ ನೋಡಿಕೊಳ್ಳುತ್ತೇವೆ. ಹುಟ್ಟಿದ ವರ್ಷಕ್ಕಿಂತ ಈ ವರದಿಗಳೇ ನನಗೆ ಮುಖ್ಯ.

ಆಪರೇಷನ್ನಿನಲ್ಲಿ ಬೆನ್ನಿನ ಸ್ನಾಯು ಸರಿಸಿ, ಕಶೇರುವಿನ ಒಂದು ಪಕ್ಕದ ಗೋಡೆಯನ್ನು ಸಣ್ಣ ಡ್ರಿಲ್‌ನಿಂದ ಸವೆಸುತ್ತೇವೆ. ಇದಕ್ಕೆ ಹೆಮಿಲ್ಯಾಮಿನೆಕ್ಟಮಿ ಎಂದು ಹೆಸರು. ಡ್ರಿಲ್ಲಿನ ಬಿಸಿ ನರಕ್ಕೆ ತಾಗದಂತೆ ಸಹಾಯಕರು ಸಲೈನ್ ಹನಿಸುತ್ತಲೇ ಇರಬೇಕು. ಕೊನೆಗುಳಿದ ಮೂಳೆ ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಾದ ಮೇಲೆ ಡ್ರಿಲ್ ಬಿಟ್ಟು ಕೈ ಉಪಕರಣದಿಂದ ಎತ್ತುತ್ತೇವೆ. ಡಿಸ್ಕ್ ಆದರೆ ಹೊರಬಂದ ಚೂರು ತೆಗೆದರಾಯಿತು. ಮೆನಿಂಜಿಯೋಮಾ ಆದರೆ ಹೊದಿಕೆ ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹುರಿಯಿಂದ ಬಿಡಿಸಬೇಕು. ಪೂರ್ತಿ ಬಾರದಿದ್ದರೆ ಮತ್ತೆ ಬೆಳೆಯಬಹುದು.

ಕಾಲಿನ ಶಕ್ತಿ ಮರಳುತ್ತದೆಯೇ ಎಂಬುದನ್ನು ಊಹಿಸಲು ಇನ್ನೊಂದು ಪರೀಕ್ಷೆ ಇದೆ. ಬೆರಳನ್ನು ಬಲವಾಗಿ ಅದುಮಿದಾಗ ಬೆಕ್ಕು ಕಾಲೆಳೆದುಕೊಂಡರೆ ಮನೆಯವರು ಖುಷಿಪಡುತ್ತಾರೆ. ಅದು ಹುರಿಯ ಪ್ರತಿವರ್ತನೆ ಅಷ್ಟೇ. ಬೆಕ್ಕು ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಆ ನೋವೇ ತಿಳಿಯದಿದ್ದರೆ ಭರವಸೆ ಕಡಿಮೆಯೆಂದು ಆಪರೇಷನ್ನಿಗೆ ಮುಂಚೆಯೇ ಹೇಳಿಬಿಡುತ್ತೇನೆ.

ಆಮೇಲಿನ ಕೆಲಸ ಮನೆಯವರದು: ಕೆಲವು ವಾರ ಪಂಜರದಲ್ಲಿ ವಿಶ್ರಾಂತಿ, ಅಂಚು ತಗ್ಗಾದ ಮರಳಿನ ತಟ್ಟೆ, ತಾನಾಗಿ ಮೂತ್ರ ಮಾಡದಿದ್ದರೆ ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ಖಾಲಿ ಮಾಡಿಸುವುದು. ನೋವೆಂದು ಪ್ಯಾರಾಸಿಟಮಾಲ್ ಮಾತ್ರ ಕೊಡಲೇಬೇಡಿ; ಬೆಕ್ಕಿಗೆ ಅದು ವಿಷ.

ನಿಮ್ಮ ಬೆಕ್ಕಿನ ನಡಿಗೆ ಬದಲಾಗಿದೆಯೇ? ಮನೆಯಲ್ಲೇ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಬನ್ನಿ. ನಮ್ಮ ಮೇಜಿನ ಮೇಲೆ ಅದು ಮುದುಡಿ ಕೂರುತ್ತದೆ, ಒಂದು ಹೆಜ್ಜೆಯನ್ನೂ ಇಡುವುದಿಲ್ಲ.