ಹೊಟ್ಟೆ ತೊಳೆಸುವುದೆಂದರೆ

‘ಹೊಟ್ಟೆ ತೊಳೆಸ್ತದೆ ಕಣವ್ವ’ ಎಂದಳು ವೃದ್ಧೆ. ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ಹೊರರಾಜ್ಯದ ತರಬೇತಿ ವೈದ್ಯೆ ಅದನ್ನು ಭೇದಿಯೆಂದು ಬರೆದುಕೊಂಡರು. ವಾಕರಿಕೆಯೆಂದು ತಿದ್ದಿದವರು ಪಕ್ಕದಲ್ಲಿದ್ದ ದಾದಿ. ಆ ವೈದ್ಯೆಗೆ ಸೌಜನ್ಯದ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಪದದ್ದು, ಅದಕ್ಕಿಂತಲೂ ಸಮಯದ್ದು. ಬಾಗಿಲಾಚೆ ಸಾಲು ಬೆಳೆಯುತ್ತಲೇ ಇತ್ತು.

2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾದಾಗ ಮನೋಧೋರಣೆ, ವೃತ್ತಿನೀತಿ ಮತ್ತು ಸಂವಹನವನ್ನು ಕಲಿಸುವ ‘ಏಟ್‌ಕಾಮ್’ ಮೊದಲ ವರ್ಷದಿಂದಲೇ ಸೇರಿತು. ಸ್ವಾಗತಾರ್ಹವೇ. ಆದರೆ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆ ಪಾಠ ಎಷ್ಟು ಉಳಿದೀತು? ಅರ್ಥಶಾಸ್ತ್ರ ಓದಿದ ನನಗೆ ಇದು ವಿರಳ ಸಂಪನ್ಮೂಲದ ಹಂಚಿಕೆಯಾಗಿ ಕಾಣುತ್ತದೆ: ನಿಮಿಷಗಳು ಸಾಲದಾದಾಗ ಮೊದಲು ಕಡಿತವಾಗುವುದು ಮಾತು, ಔಷಧಿ ಚೀಟಿಯಲ್ಲ. ಗ್ರಾಮೀಣ ನಿಯೋಜನೆಯ ಮೊದಲ ವಾರ ಆಶಾ ಕಾರ್ಯಕರ್ತೆಯರೊಡನೆ ಮನೆಮನೆ ತಿರುಗಿದರೆ ಪದಗಳು ಒಲಿದಾವು. ನಿಮಿಷಗಳಿಗೆ ಮಾತ್ರ ಖಾಲಿ ಹುದ್ದೆಗಳನ್ನೇ ತುಂಬಬೇಕು. ಆ ಕಡತಗಳ ನಡಿಗೆಯನ್ನು ನಾನು ಬಲ್ಲೆ.

ತಿ. ನರಸೀಪುರದಲ್ಲಿ ಬೇರೊಂದನ್ನು ಕಂಡೆ. ಹಿರಿಯ ವೈದ್ಯರೊಬ್ಬರು ಸಕ್ಕರೆ ಕಾಯಿಲೆಯ ರೈತರನ್ನು ಕೂರಿಸಿ, ‘ಯಜಮಾನ್ರೇ, ಮಾತ್ರೆ ಹೇಗೆ ತಗೋತೀರಿ, ನೀವೇ ಹೇಳಿ’ ಎಂದರು. ಹೊಲಕ್ಕೆ ಹೋಗುವ ದಿನ ಬೆಳಗಿನದನ್ನು ಬಿಡುವುದಾಗಿ ಆತ ಒಪ್ಪಿಕೊಂಡರು. ಹಿಂದೆ ನಿಂತಿದ್ದ ತರಬೇತಿ ವೈದ್ಯ ಮುಂದಿನ ರೋಗಿಗೆ, ಯಾರೂ ಹೇಳದೆಯೇ, ಕುರ್ಚಿ ಎಳೆದುಕೊಟ್ಟು ಅದೇ ಪ್ರಶ್ನೆ ಕೇಳಿದ.