ಹಿಮದ ಹಾದಿಯಲ್ಲಿ ಗಾಲಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಹಿಂದೆ ನಮ್ಮ ಹಾಲಹರವಿ, ಆಲೂರು, ಆದೋನಿ ಸೀಮೆಯ ಜನ ಮನೆಮಂದಿಯೊಡನೆ ಪ್ರಯಾಣ ಹೊರಟರೆಂದರೆ ಅದು ಮಂತ್ರಾಲಯಕ್ಕೆ, ಹಂಪೆಗೆ, ತಿರುಪತಿಗೆ, ಪುಣ್ಯವಿದ್ದವರಿಗೆ ಕಾಶಿಗೆ. ಈಗ ಕಾಲ ಬದಲಾಗಿದೆ. ಗುಂತಕಲ್ಲಿನಲ್ಲಿ ರೈಲು ಹತ್ತಿ ದೆಹಲಿ ಸೇರಿ, ಅಲ್ಲಿಂದ ಹಿಮಾಚಲ ಪ್ರದೇಶದ ಮನಾಲಿಗೆ ಹೋಗಿ, ಬಾಡಿಗೆಯ ಜೀಪಿನಲ್ಲಿ ಮಕ್ಕಳು ಮುದುಕರ ಸಮೇತ ಹಿಮದ ಬೆಟ್ಟ ಏರಿ ಬರುವುದು ಸಾಧ್ಯವಾಗಿದೆ. ಬೆಂಗಳೂರಿನಿಂದ ಸ್ವಂತ ಕಾರಿನಲ್ಲಿಯೇ ಲಡಾಖಿನವರೆಗೆ ಹೋಗಿಬರುವ ಕನ್ನಡ ಕುಟುಂಬಗಳೂ ಇವೆ. ಡಾಂಬರು ಮುಗಿದ ಮೇಲೂ ಕಚ್ಚಾ ಹಾದಿ ಹಿಡಿದು, ಹಿಮದ ಮೇಲೆಯೇ ಗಾಡಿ ನಡೆಸುವುದು ಹಲವರಿಗೆ ಹವ್ಯಾಸವಾಗಿದೆ.

ಚಿತ್ರದಲ್ಲಿ ನೋಡಿದರೆ ಆ ಹಿಮ ನಮ್ಮ ಆದೋನಿ ಮಾರುಕಟ್ಟೆಯಲ್ಲಿ ರಾಶಿ ಹಾಕಿದ ಹತ್ತಿಯಂತೆ ಮೃದುವಾಗಿ ಕಾಣುತ್ತದೆ. ಆದರೆ ಅದರ ಮೇಲೆ ಗಾಲಿ ಇಟ್ಟಾಗ ಏನಾಗುತ್ತದೆ, ಗಾಡಿ ಏಕೆ ಜಾರುತ್ತದೆ, ಏಕೆ ನಿಲ್ಲುವುದಿಲ್ಲ ಎಂಬುದನ್ನು ತಿಳಿಯದೆ ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಆದುದರಿಂದ ಈ ವಿಷಯವನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಇದಕ್ಕೆ ಬೇಕಾದ ಮೊದಲ ಪಾಠ ಹಿಮಾಲಯದಲ್ಲಿಲ್ಲ, ನಮ್ಮ ಊರಿನ ಹೊಲದ ದಾರಿಯಲ್ಲಿಯೇ ಇದೆ.

ಎರೆಮಣ್ಣು ಕಲಿಸುವ ಪಾಠ

ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಕಲ್ಲಿನಂತೆ ಗಟ್ಟಿ. ಎತ್ತಿನ ಬಂಡಿಯೂ ಟ್ರ್ಯಾಕ್ಟರೂ ಸಲೀಸಾಗಿ ಓಡಾಡುತ್ತವೆ. ಒಂದು ಹದ ಮಳೆ ಬಿತ್ತೆಂದರೆ ಅದೇ ದಾರಿಯಲ್ಲಿ ಹೆಜ್ಜೆ ಇಡುವುದೇ ಕಷ್ಟ. ಮಣ್ಣು ಗಾಲಿಗೆ ಮೆತ್ತಿಕೊಂಡು ಟಯರಿನ ಗೀರುಗಳೆಲ್ಲ ಮುಚ್ಚಿಹೋಗುತ್ತವೆ. ಗೀರು ಮುಚ್ಚಿದ ಟಯರು ನೆಲವನ್ನು ಹಿಡಿಯಲಾರದು. ಚಾಲಕ ಎಂಜಿನ್ನಿನ ವೇಗ ಹೆಚ್ಚಿಸಿದಷ್ಟೂ ಗಾಲಿ ಇದ್ದಲ್ಲೇ ಗಿರ್ರನೆ ತಿರುಗಿ, ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಹೂತುಹೋಗುತ್ತದೆ. ಅನುಭವವಿರುವ ರೈತರು ಆಗ ಎಂಜಿನ್ ನಿಲ್ಲಿಸಿ, ಗಾಲಿಯ ಮುಂದೆ ಹತ್ತಿಕಟ್ಟಿಗೆಯನ್ನೋ ಜಾಲಿಯ ಕೊಂಬೆಯನ್ನೋ ಕಲ್ಲನ್ನೋ ಹಾಕಿ, ನಿಧಾನವಾಗಿ ಗಾಡಿಯನ್ನು ಮೇಲೆತ್ತುತ್ತಾರೆ.

ಇದರ ಅರ್ಥವೇನು? ಗಾಡಿಯನ್ನು ಮುಂದೆ ತಳ್ಳುವುದು ಎಂಜಿನ್ ಒಂದೇ ಅಲ್ಲ. ಎಂಜಿನ್ ಗಾಲಿಯನ್ನು ತಿರುಗಿಸುತ್ತದೆ, ಅಷ್ಟೇ. ಗಾಲಿಗೂ ನೆಲಕ್ಕೂ ನಡುವೆ ಇರುವ ಘರ್ಷಣೆ ಗಾಡಿಯನ್ನು ಮುಂದಕ್ಕೆ ಒಯ್ಯುತ್ತದೆ, ತಿರುವಿನಲ್ಲಿ ತಿರುಗಿಸುತ್ತದೆ, ಬ್ರೇಕು ಒತ್ತಿದಾಗ ನಿಲ್ಲಿಸುತ್ತದೆ. ಈ ಹಿಡಿತವನ್ನು ಕೊಡುವುದು ನೆಲ. ನೆಲ ಎಷ್ಟು ಹಿಡಿತ ಕೊಡುತ್ತದೆಯೋ ಅಷ್ಟನ್ನೇ ನಾವು ಬಳಸಬಹುದು. ಹಿಮದ ಹಾದಿಯ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಹಿಮ ಬೇರೆ, ನೀರ್ಗಲ್ಲು ಬೇರೆ

ಆಗತಾನೆ ಬಿದ್ದ ಹಿಮ ಪುಡಿಪುಡಿಯಾಗಿರುತ್ತದೆ. ಅದರಲ್ಲಿ ಗಾಲಿ ಹೂಳುತ್ತದೆ. ಅದರ ಮೇಲೆ ಹತ್ತಾರು ಗಾಡಿಗಳು ಓಡಿದರೆ ಹಿಮ ಅದುಮಿಕೊಂಡು ಗಟ್ಟಿ ಹಲಗೆಯಂತಾಗುತ್ತದೆ. ಅಲ್ಲಿ ಗಾಲಿ ಹೂಳುವುದಿಲ್ಲ, ಜಾರುತ್ತದೆ. ಇವೆರಡಕ್ಕಿಂತ ಅಪಾಯಕಾರಿಯಾದುದು ನೀರ್ಗಲ್ಲು. ಹಗಲು ಬಿಸಿಲಿಗೆ ಕರಗಿ ರಸ್ತೆಯ ಮೇಲೆ ಹರಿದ ನೀರು ರಾತ್ರಿಯ ಚಳಿಗೆ ತೆಳುವಾದ ಗಾಜಿನ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಅದರ ಕೆಳಗಿನ ಡಾಂಬರು ಕಾಣುತ್ತಿರುವುದರಿಂದ ರಸ್ತೆ ಬರೀ ಒದ್ದೆಯಾಗಿದೆ ಎಂದೇ ಚಾಲಕನಿಗೆ ತೋರುತ್ತದೆ. ಬಿಸಿಲು ತಾಗದ ತಿರುವುಗಳಲ್ಲಿಯೂ ಸೇತುವೆಗಳ ಮೇಲೂ ಇದು ಬಹಳ ಹೊತ್ತು ಉಳಿಯುತ್ತದೆ. ಬೆಟ್ಟದ ಚಾಲಕರು ನಸುಕಿನಲ್ಲಿಯೂ ಸಂಜೆಯಾದ ಮೇಲೂ ಹೊರಡಲು ಹಿಂಜರಿಯುವುದು ಇದೇ ಕಾರಣಕ್ಕೆ.

ನೀರ್ಗಲ್ಲು ಏಕೆ ಜಾರುತ್ತದೆ? ಗಾಲಿಯ ಭಾರದ ಒತ್ತಡದಿಂದ ಅದು ಕರಗುತ್ತದೆ ಎಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. ಒತ್ತಡದಿಂದ ಅಷ್ಟು ಕರಗುವುದು ಸಾಧ್ಯವಿಲ್ಲವೆಂದು ಈಗ ತಿಳಿದಿದೆ. ನೀರ್ಗಲ್ಲಿನ ಮೇಲ್ಮೈಯಲ್ಲಿರುವ ಅಣುಗಳು ಒಳಗಿನವುಗಳಂತೆ ಬಿಗಿಯಾಗಿ ಕಟ್ಟಿಕೊಂಡಿರದೆ ಸಡಿಲವಾಗಿರುತ್ತವೆ. ಜೊತೆಗೆ ಉಜ್ಜುವಿಕೆಯ ಬಿಸಿಯೂ ಸೇರಿ, ಎಣ್ಣೆ ಸವರಿದಂತಹ ಒಂದು ತೆಳು ಪದರ ಉಂಟಾಗುತ್ತದೆ. ಚಳಿ ಬಹಳ ಹೆಚ್ಚಾಗಿದ್ದಾಗಿನ ನೀರ್ಗಲ್ಲಿಗಿಂತ, ಸೊನ್ನೆ ಡಿಗ್ರಿಯ ಹತ್ತಿರವಿದ್ದು ಮೇಲೆ ನೀರು ಜಿನುಗುವ ನೀರ್ಗಲ್ಲೇ ಹೆಚ್ಚು ಜಾರುತ್ತದೆ.

ಒಂದು ಸಣ್ಣ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಗಂಟೆಗೆ ೩೬ ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ೧೦ ಮೀಟರ್. ಒಣಗಿದ ಡಾಂಬರಿನ ಮೇಲೆ ಟಯರಿನ ಘರ್ಷಣ ಗುಣಾಂಕ ಸುಮಾರು ೦.೭, ಅದುಮಿದ ಹಿಮದ ಮೇಲೆ ಸುಮಾರು ೦.೨, ನೀರ್ಗಲ್ಲಿನ ಮೇಲೆ ಸುಮಾರು ೦.೧. ವೇಗದ ವರ್ಗವನ್ನು ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ನಿಲ್ಲಲು ಬೇಕಾದ ದೂರ ಸಿಗುತ್ತದೆ. ಡಾಂಬರಿನ ಮೇಲೆ ಅದು ಸುಮಾರು ೭ ಮೀಟರ್. ಹಿಮದ ಮೇಲೆ ಸುಮಾರು ೨೫ ಮೀಟರ್. ನೀರ್ಗಲ್ಲಿನ ಮೇಲೆ ಸುಮಾರು ೫೦ ಮೀಟರ್. ಚಾಲಕನಿಗೆ ಅಪಾಯ ಕಂಡು ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೂ ಇದಕ್ಕೆ ಇನ್ನೂ ೧೦ ಮೀಟರ್ ಸೇರಿಸಬೇಕು.

ವೇಗವನ್ನು ಅರ್ಧ ಮಾಡಿದರೆ ಈ ದೂರ ಕಾಲುಭಾಗಕ್ಕೆ ಇಳಿಯುತ್ತದೆ. ಗಂಟೆಗೆ ೧೮ ಕಿಲೋಮೀಟರ್ ವೇಗದಲ್ಲಿ ನೀರ್ಗಲ್ಲಿನ ಮೇಲೂ ಸುಮಾರು ೧೩ ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ನಿಧಾನವೇ ಪ್ರಧಾನ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಗಣಿತ ಬೇಕಿಲ್ಲ.

ಇದು ಸಮತಟ್ಟು ರಸ್ತೆಯ ಮಾತು. ಬೆಟ್ಟದಲ್ಲಿ ಇಳಿಜಾರು ಇರುತ್ತದೆ. ಹತ್ತು ಮೀಟರು ಸಾಗಿದರೆ ಒಂದು ಮೀಟರು ಇಳಿಯುವಂತಹ ಇಳಿಜಾರಿನಲ್ಲಿ ನೀರ್ಗಲ್ಲು ಇದ್ದು, ಗುಣಾಂಕ ೦.೧ ಮಾತ್ರ ಆಗಿದ್ದರೆ, ನೆಲ ಹಿಡಿಯುವಷ್ಟೇ ಬಲದಿಂದ ಭೂಮಿ ಗಾಡಿಯನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಅಲ್ಲಿ ಬ್ರೇಕನ್ನು ಎಷ್ಟು ಒತ್ತಿದರೂ ಗಾಡಿಯ ವೇಗ ತಗ್ಗುವುದಿಲ್ಲ. ಆದುದರಿಂದಲೇ ಇಳಿಜಾರು ಆರಂಭವಾಗುವ ಮೊದಲೇ ಸಣ್ಣ ಗೇರಿಗೆ ಇಳಿಸಿ, ಎಂಜಿನ್ನೇ ಗಾಡಿಯನ್ನು ತಡೆಹಿಡಿಯುವಂತೆ ಮಾಡಿಕೊಂಡು ಇಳಿಯಬೇಕು. ಗಾಡಿ ಜಾರಿದಾಗ ಗಾಬರಿಯಿಂದ ಬ್ರೇಕನ್ನು ತುಳಿದರೆ ಗಾಲಿಗಳು ತಿರುಗುವುದು ನಿಂತು, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರವಾಗಿ ಜಾರುತ್ತದೆ. ಕಾಲು ಸಡಿಲಿಸಿ, ಹೋಗಬೇಕಾದ ಕಡೆಗೆ ಮೆಲ್ಲಗೆ ತಿರುಗಿಸಬೇಕು.

ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ ಜೀಪಿಗೆ ಏನೂ ಭಯವಿಲ್ಲ ಎಂದು ಹಲವರು ನಂಬಿದ್ದಾರೆ. ಇಂತಹ ಜೀಪು ಹೊರಡುವಾಗಲೂ ಏರುವಾಗಲೂ ಮೇಲು, ನಿಜ. ಆದರೆ ನಿಲ್ಲಿಸುವಾಗ ಎಲ್ಲ ಗಾಡಿಗಳಿಗೂ ನಾಲ್ಕೇ ಗಾಲಿ, ನಾಲ್ಕೇ ಬ್ರೇಕು. ಸುಲಭವಾಗಿ ಏರಿದ ಧೈರ್ಯದಲ್ಲಿ ವೇಗವಾಗಿ ಇಳಿಯಲು ಹೋಗಿ ಅಪಘಾತವಾಗುವುದುಂಟು. ಗಾಲಿಗೆ ಸುತ್ತುವ ಕಬ್ಬಿಣದ ಸರಪಳಿ ಹಿಮವನ್ನು ಕಚ್ಚಿ ಹಿಡಿಯುವುದರಿಂದ ಏರುವುದಕ್ಕೂ ನಿಲ್ಲುವುದಕ್ಕೂ ಸಹಾಯಕ. ಅದನ್ನು ಗಾಡಿ ಹೂತ ಮೇಲಲ್ಲ, ಹಿಮ ಆರಂಭವಾಗುವಲ್ಲಿಯೇ ಕಟ್ಟಿಕೊಳ್ಳಬೇಕು.

ಮೊದಲು ದಾರಿ, ಆಮೇಲೆ ಗಾಡಿ

ಈ ತತ್ತ್ವವನ್ನು ಇತಿಹಾಸದಲ್ಲಿ ತೋರಿಸಿಕೊಟ್ಟವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ೧೯೪೮ರಲ್ಲಿ ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆದಾರಿ ಶತ್ರುಗಳ ವಶವಾಗಿತ್ತು. ಮೂರೂವರೆ ಸಾವಿರ ಮೀಟರ್ ಎತ್ತರದ ಆ ಹಾದಿಯಲ್ಲಿ ಅಲ್ಲಿಯವರೆಗೆ ನಡೆಯುತ್ತಿದ್ದುದು ಹೇಸರಗತ್ತೆಗಳು ಮಾತ್ರ. ತಿಮ್ಮಯ್ಯನವರು ಅಲ್ಲಿಗೆ ಟ್ಯಾಂಕುಗಳನ್ನು ಒಯ್ಯಲು ನಿಶ್ಚಯಿಸಿದರು. ಆದರೆ ಅವರು ಮೊದಲು ಕಳಿಸಿದ್ದು ಟ್ಯಾಂಕನ್ನಲ್ಲ. ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಬಾಲ್ತಾಲಿನಿಂದ ಮೇಲಕ್ಕೆ ಆ ಕಾಲುಹಾದಿಯನ್ನು ಅಗಲಿಸಿ ಟ್ಯಾಂಕು ಹೋಗುವಂತೆ ಮಾಡಿದರು. ಆ ಬಳಿಕವೇ, ೧೯೪೮ರ ನವೆಂಬರ್ ೧ರಂದು, ಏಳನೆಯ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಮೇಲೇರಿದವು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳನ್ನು ನಿರೀಕ್ಷಿಸದಿದ್ದ ಶತ್ರುಗಳು ಹಿಮ್ಮೆಟ್ಟಿದರು. ಲಡಾಖಿನ ದಾರಿ ತೆರೆಯಿತು. ಟ್ಯಾಂಕಿನ ಬಲ ಎಷ್ಟಿದ್ದರೂ ನೆಲ ಸಿದ್ಧವಾಗದೆ ಅದು ನಡೆಯಲಾರದೆಂಬುದನ್ನು ಆ ಸೇನಾನಿ ಬಲ್ಲವರಾಗಿದ್ದರು.

ಇಂದಿಗೂ ಹಿಮಾಲಯದ ಹಾದಿಗಳಲ್ಲಿ ನಾವು ವಿಹರಿಸುವುದು ಇನ್ನೊಬ್ಬರು ಹಿಮ ಸರಿಸಿ ದಾರಿ ಮಾಡಿಕೊಟ್ಟ ಮೇಲೆಯೇ. ೧೯೬೦ರಲ್ಲಿ ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯವರು ಈ ಕೆಲಸ ಮಾಡುತ್ತಾರೆ. ಮನಾಲಿಯ ಮೇಲಿನ ರೋಹ್ತಾಂಗ್ ಕಣಿವೆದಾರಿ ೩,೯೭೮ ಮೀಟರ್ ಎತ್ತರದಲ್ಲಿದ್ದು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಅದರ ಅಡಿಯಲ್ಲಿ ಕೊರೆದ ೯.೦೨ ಕಿಲೋಮೀಟರ್ ಉದ್ದದ ಅಟಲ್ ಸುರಂಗ ೨೦೨೦ರ ಅಕ್ಟೋಬರ್ ೩ರಂದು ಸಂಚಾರಕ್ಕೆ ತೆರೆಯಿತು. ಇದರಿಂದ ಲಾಹೋಲಿನ ಜನರಿಗೆ ಚಳಿಗಾಲದಲ್ಲಿಯೂ ಆಸ್ಪತ್ರೆಗೆ, ಪೇಟೆಗೆ ಬರಲು ಅನುಕೂಲವಾಯಿತು. ಜೊತೆಗೆ ಹಿಮ ನೋಡುವ ಪ್ರವಾಸಿಗರ ಗಾಡಿಗಳೂ ಹೆಚ್ಚಿದವು. ೨೦೨೪ರ ಡಿಸೆಂಬರಿನಲ್ಲಿ ಸೋಲಾಂಗಿಗೂ ಸುರಂಗಕ್ಕೂ ನಡುವೆ ಹಠಾತ್ತನೆ ಹಿಮ ಬಿದ್ದು ನೂರಾರು ಗಾಡಿಗಳು ಸಿಕ್ಕಿಕೊಂಡವು. ಪೊಲೀಸರು ರಾತ್ರಿಯೆಲ್ಲ ದುಡಿದು ಪ್ರವಾಸಿಗರನ್ನು ಪಾರುಮಾಡಿದರು.

ಗಾಡಿಯೊಳಗಿನ ಅಪಾಯ

ಎಲ್ಲರಿಗೂ ಇಂತಹ ಅದೃಷ್ಟವಿರುವುದಿಲ್ಲ. ೨೦೨೨ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಎಂಬ ಗಿರಿಧಾಮಕ್ಕೆ ಹಿಮ ನೋಡಲು ಸಾವಿರಾರು ಗಾಡಿಗಳಲ್ಲಿ ಜನ ಹೋಗಿದ್ದರು. ರಾತ್ರಿ ಹಿಮಪಾತ ಹೆಚ್ಚಿ ದಾರಿ ಮುಚ್ಚಿತು. ಬೆಳಗಾಗುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತಮ್ಮ ಗಾಡಿಗಳಲ್ಲಿಯೇ ಸತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಯಾರೂ ಪ್ರಪಾತಕ್ಕೆ ಬಿದ್ದಿರಲಿಲ್ಲ. ಕೆಲವರನ್ನು ಕೊಂದದ್ದು ಚಳಿ, ಕೆಲವರನ್ನು ಕೊಂದದ್ದು ವಿಷಾನಿಲವೆಂದು ಅಧಿಕಾರಿಗಳು ತಿಳಿಸಿದರು.

ಆ ಅನಿಲದ ಹೆಸರು ಕಾರ್ಬನ್ ಮಾನಾಕ್ಸೈಡ್. ಚಳಿಗೆ ಎಂಜಿನ್ ನಡೆಸಿ, ಕಿಟಕಿ ಮುಚ್ಚಿ, ಹೀಟರ್ ಹಾಕಿಕೊಂಡು ಮಲಗುತ್ತಾರೆ. ಹೊರಗೆ ಹಿಮ ಏರಿ ಹೊಗೆಕೊಳವೆಯ ಬಾಯಿ ಮುಚ್ಚುತ್ತದೆ. ಹೊರಹೋಗಲಾರದ ಹೊಗೆ ಗಾಡಿಯ ಅಡಿಯಲ್ಲಿ ತುಂಬಿ ಒಳಗೆ ನುಸುಳುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಮೊದಲು ತಲೆನೋವು, ವಾಕರಿಕೆ, ತೂಕಡಿಕೆ. ಆಮೇಲೆ ಎಚ್ಚರ ತಪ್ಪುತ್ತದೆ. ಮಲಗಿದವರಿಗೆ ತಿಳಿಯುವುದೇ ಇಲ್ಲ. ಆದುದರಿಂದ ಹಿಮದಲ್ಲಿ ಸಿಕ್ಕಿಕೊಂಡಾಗ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮ ತೆಗೆಯಬೇಕು. ಎಂಜಿನ್ನನ್ನು ಆಗಾಗ ಸ್ವಲ್ಪ ಹೊತ್ತು ಮಾತ್ರ ನಡೆಸಬೇಕು. ಒಂದು ಕಿಟಕಿಯನ್ನು ಬೆರಳಷ್ಟು ತೆರೆದಿಡಬೇಕು. ಎಲ್ಲರೂ ಒಟ್ಟಿಗೆ ಮಲಗದೆ ಒಬ್ಬರಾದರೂ ಎಚ್ಚರವಿರಬೇಕು. ಗಾಡಿ ಬಿಟ್ಟು ಹಿಮದಲ್ಲಿ ದಾರಿ ಹುಡುಕುತ್ತ ಹೋಗಬಾರದು. ಕಂಬಳಿ, ರೊಟ್ಟಿ, ನೀರು, ಸಲಿಕೆ, ಒಂದು ಚೀಲ ಮರಳು, ಹಗ್ಗ ಇವು ಗಾಡಿಯಲ್ಲಿ ಇರಲೇಬೇಕು. ಹೂತ ಗಾಲಿಗೆ ಮರಳು ಮಾಡುವ ಉಪಕಾರ ನಮ್ಮ ಹತ್ತಿಕಟ್ಟಿಗೆ ಎರೆಮಣ್ಣಿನಲ್ಲಿ ಮಾಡುವ ಉಪಕಾರದಂತಹದೇ.

ಬಯಲುಸೀಮೆಯಿಂದ ಹೋಗುವ ಗಾಡಿಗೆ ಇನ್ನೂ ಎರಡು ಸಿದ್ಧತೆಗಳು ಬೇಕು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ರೇಡಿಯೇಟರಿನಲ್ಲಿ ಬರಿಯ ನೀರಿದ್ದರೆ ಎಂಜಿನ್ನೇ ಒಡೆಯಬಹುದು. ಅದಕ್ಕೆ ಹೆಪ್ಪುಗಟ್ಟದ ದ್ರಾವಣ ಬೆರೆಸಬೇಕು. ನಮ್ಮ ಕಡೆಯ ಡೀಸೆಲ್ ಕೊರೆಯುವ ಚಳಿಯಲ್ಲಿ ಮೇಣದಂತೆ ಗಟ್ಟಿಯಾಗುತ್ತದೆ. ಲಡಾಖಿಗಾಗಿ ಸೊನ್ನೆಗಿಂತ ೩೩ ಡಿಗ್ರಿ ಕೆಳಗೂ ಹರಿಯುವ ಬೇರೆ ಡೀಸೆಲನ್ನು ೨೦೧೯ರಿಂದ ಒದಗಿಸುತ್ತಿದ್ದಾರೆ. ಎತ್ತರದ ತೆಳುಗಾಳಿಯಲ್ಲಿ ಎಂಜಿನ್ನಿನಂತೆ ಮನುಷ್ಯನೂ ಬಳಲುತ್ತಾನೆ. ಒಂದೆರಡು ದಿನ ನಡುವೆ ತಂಗಿ, ದೇಹವನ್ನು ಒಗ್ಗಿಸಿಕೊಂಡೇ ಮೇಲೇರಬೇಕು.

ವಿದ್ಯಾರ್ಥಿ ಮಿತ್ರರೇ, ಇಂತಹ ಪ್ರಯಾಣದಲ್ಲಿ ಗಾಡಿ ನಡೆಸುವವರು ದೊಡ್ಡವರು, ಹಿಂದಿನ ಸೀಟಿನಲ್ಲಿ ಕುಳಿತವರು ನೀವು. ನಮಗೇನು ಕೆಲಸ ಎಂದು ಸುಮ್ಮನಿರಬೇಡಿ. ಮೋಡ ಕವಿದು ಹಿಮ ದಟ್ಟವಾಗುತ್ತಿದ್ದರೆ, ಮುಂದಿನ ಗಾಡಿಗಳು ತಿರುಗಿ ಬರುತ್ತಿದ್ದರೆ, "ಅಪ್ಪಾ, ಇವತ್ತಿಗೆ ಇಷ್ಟು ಸಾಕು, ಹಿಂದಕ್ಕೆ ಹೋಗೋಣ" ಎಂದು ಹೇಳಲು ನಾಚಬೇಡಿ. ಇಷ್ಟು ದೂರ ಬಂದು, ಇಷ್ಟು ಹಣ ಖರ್ಚುಮಾಡಿ ಹಿಂದಿರುಗುವುದು ಹೇಗೆ ಎಂಬ ಒಂದೇ ಹಟ ಹಿರಿಯರ ವಿವೇಕವನ್ನೂ ಒಮ್ಮೊಮ್ಮೆ ಮಂಕುಗೊಳಿಸುತ್ತದೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಅದನ್ನು ನೋಡಲು ಮನೆಮಂದಿಯೆಲ್ಲ ಇರಬೇಕು. ಹಿಮಾಲಯದವರೆಗೆ ಹೋಗದವರೂ ಈ ಪಾಠವನ್ನು ಇಲ್ಲಿಯೇ ಬಳಸಬಹುದು. ಮಳೆಗಾಲದ ನಮ್ಮ ಎರೆಹಾದಿಯಲ್ಲಿಯೂ ಹರಿಯುವ ಹಳ್ಳದ ಮುಂದೆಯೂ ನೆಲ ಕೊಡದ ಹಿಡಿತವನ್ನು ಯಾವ ಎಂಜಿನ್ನೂ ಕೊಡಲಾರದು.